ಒದ್ದೆ ಗೋಣಿಚೀಲ, ಅರವತ್ತು ಬಾವುಟ

ಅವ್ವ ಐವತ್ತೊಂಬತ್ತು ಬಾವುಟ ನೆಟ್ಟಾಗಿತ್ತು. ಉಳಿದದ್ದು ಒಂದೇ ಒಂದು. ಇನ್ನೇನು ಅದೂ ಆಯಿತು ಅನ್ನುವಷ್ಟರಲ್ಲಿ ನಮ್ಮ ಗೇಮ್ ಯಂತ್ರದೊಳಕ್ಕೆ ನೀರು ಹೋಯಿತು, ಅದೂ ಅವ್ವನ ಕೈಯಿಂದಲೇ. ಆ ದಿನ ನಾನು ಕೂಗಾಡಿದ್ದು ಬೂದಿಕೋಟೆ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು ಎಂದು ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಕೇಳಿಸಿದ್ದರೆ ಕೇಳಿಸಲಿ. ಒಂದು ವರ್ಷದ ಆಟ ಒಂದು ಒದ್ದೆ ಚೀಲದಲ್ಲಿ ಮುಗಿಯುವುದನ್ನು ನೋಡಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಯಂತ್ರ ನನ್ನದು. ಈಗ ಅದು ಸತ್ತು ನಮ್ಮ ಮನೆಯ ಗೋಡೆಗೂಡು ಸೇರಿದೆ. ಬೂದಿಕೋಟೆಗೆ ಹತ್ತಿರದ ನಮ್ಮೂರಿನಿಂದ ಬಸ್ಸಿನಲ್ಲಿ ಬಂಗಾರಪೇಟೆಗೆ, ಅಲ್ಲಿಂದ ಮಾರಿಕುಪ್ಪಂ ರೈಲು ಹಿಡಿದು ಚಾಂಪಿಯನ್ ರೀಫ್ಸ್‌ಗೆ ಹೋಗಿ, ಅಲ್ಲಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವನು ನಾನು. ನಲವತ್ತು ದಾಟಿದರೂ ಆಟದ ಚಟ ಬಿಟ್ಟಿಲ್ಲ. ಕನ್ನಡಕದ ಡಬ್ಬಿಯಷ್ಟಿದ್ದ ಆ ಯಂತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ರೈಲಿನಲ್ಲಿ ಆಡುತ್ತಿದ್ದೆ. ಪಕ್ಕದವರು ಒಂದು ನಮೂನೆ ನೋಡುತ್ತಿದ್ದರು. ನೋಡಲಿ ಬಿಡಿ ಎಂದುಕೊಳ್ಳುತ್ತಿದ್ದೆ.

ಅದರಲ್ಲಿ ನಾನು ಎಂದೋ ಡೌನ್‌ಲೋಡ್ ಮಾಡಿಕೊಂಡಿದ್ದ ಒಂದು ಪುಟ್ಟ ಆಟವಿತ್ತು. ನೆಲದಡಿ ಒಂದು ತಾಯಿಪ್ರಾಣಿ, ಅದರ ಏಳು ಮರಿ. ಒಂದು ಕಡೆಯಿಂದ ನೀರು ನುಗ್ಗುತ್ತಿರುತ್ತದೆ. ಮಣ್ಣು ಕೊರೆದು ದಾರಿ ಮಾಡಿ ಅಷ್ಟನ್ನೂ ಮೇಲಕ್ಕೆ ತರಬೇಕು. ಕಲ್ಲಿನ ಕೆಳಗೆ ಕೊರೆದರೆ ಕಲ್ಲು ಕುಸಿಯುತ್ತದೆ. ಕುಸಿದ ಕಲ್ಲನ್ನು ಎತ್ತುವ ಹಾಗಿಲ್ಲ, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ತಪ್ಪಿದರೆ ಆ ಹಂತವನ್ನು ಮೊದಲಿಂದ ಆಡಬೇಕು, ಗೆದ್ದರೆ ನಕ್ಷೆಯ ಮೇಲೆ ಒಂದು ಕೆಂಪು ಬಾವುಟ ಏಳುತ್ತದೆ. ಇಂಥ ಅರವತ್ತು ಹಂತ. ಆ ಪ್ರಾಣಿ ಯಾವುದೆಂದು ಮಾಡಿದವರಿಗೆ ಗೊತ್ತಿತ್ತೋ ಇಲ್ಲವೋ, ಅವ್ವ ಮಾತ್ರ ನೋಡಿದೊಡನೆ ಹೆಗ್ಗಣ ಎಂದು ತೀರ್ಮಾನಿಸಿದಳು. ಜೀವಮಾನವಿಡೀ ರಾಗಿ ಮೂಟೆಯ ಹಿಂದೆ ಹೆಗ್ಗಣಕ್ಕೆ ಬೋನಿಟ್ಟವಳು!

ಆ ಯಂತ್ರದ ಕಂಪನಿಯವರು ಇಂಥ ಸಣ್ಣ ಆಟಗಳಿಗೆ ಹಾಕಿದ್ದ ಕಟ್ಟುಪಾಡು ಒಂದೆರಡಲ್ಲ. ಆಟ ಇಷ್ಟೇ ಗಾತ್ರ ಇರಬೇಕು. ಹಾಗಾಗಿ ಪ್ರತಿ ಹಂತವೂ ಒಂದೇ ಪರದೆಯಲ್ಲಿ ಮುಗಿಯಬೇಕು, ನಾಲ್ಕೈದು ಬಣ್ಣ, ಎರಡು ಮೂರು ಸದ್ದು. ಆಡಿದ್ದನ್ನು ಉಳಿಸಿಡಲು ಒಂದೇ ಸೇವ್, ಒಂದೇ ನಕ್ಷೆ. ಅದನ್ನು ಇನ್ನೊಂದು ಯಂತ್ರಕ್ಕೆ ಸಾಗಿಸುವಂತಿಲ್ಲ. ನೆಟ್ಟ ಒಂದು ಬಾವುಟವನ್ನು ಮಾತ್ರ ಕೀಳುವಂತೆಯೂ ಇಲ್ಲ, ಅಳಿಸಿದರೆ ಎಲ್ಲವನ್ನೂ ಅಳಿಸಬೇಕು. ಇಷ್ಟು ಸಾಲದೆಂದು ಸ್ವಲ್ಪ ಕಾಲದ ಮೇಲೆ ಡೌನ್‌ಲೋಡ್ ಅಂಗಡಿಯನ್ನೇ ಮುಚ್ಚಿದರು. ಅವರದೇ ಹೊಸ ಯಂತ್ರದಲ್ಲಿ ಈ ಆಟ ಓಡುವುದಿಲ್ಲ. ಒಳ್ಳೆಯ ಆಟದ ಕೈಕಾಲು ಕಟ್ಟಿ ಅರ್ಧ ಬೆಲೆಗೆ ಇಳಿಸಿದ್ದಾರೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಸಿಕ್ಕಸಿಕ್ಕವರ ಮುಂದೆ ಹಾರಾಡುತ್ತಿದ್ದೆ. ಅವರು ಟಿಫಿನ್ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು.

ಹೀಗಿರುವಾಗ ನಮ್ಮ ಸೀಮೆಹಸು ಅವ್ವನ ಪಾದ ತುಳಿಯಿತು. ಮೂಳೆ ಮುರಿದು ಬಂಗಾರಪೇಟೆಯಲ್ಲಿ ಪಟ್ಟಿ ಹಾಕಿಸಿದೆವು. ಬೆಳಗಿನ ಹಾಲು ಸಂಜೆಯ ಹಾಲು ಎಂದು ಒಂದು ದಿನವೂ ಕೂತವಳಲ್ಲ, ಈಗ ವಾರಗಟ್ಟಲೆ ಮಂಚದ ಮೇಲೆ. ಆಸ್ಪತ್ರೆಯಲ್ಲೇ ಸಿಡಿಮಿಡಿ ಶುರುವಾಗಿತ್ತು. ಸಮಾಧಾನಕ್ಕೆಂದು ಯಂತ್ರವನ್ನು ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು. ನಕ್ಷೆಯ ಮೇಲಿನ ಕೆಂಪು ಬಾವುಟಗಳನ್ನು ತೋರಿಸಿ, "ಇವೆಲ್ಲ ಏನ್ಲಾ?" ಎಂದಳು. ಗೆದ್ದ ಹಂತಗಳು ಎಂದೆ.

"ಯಾರೋ ಉತ್ತಿರೋ ಒಲ. ಇದ್ರಾಗೆ ನಂದೇನೈತೆ? ನಂಗೆ ಬ್ಯಾಡ."

ಆ ಬಾವುಟಗಳು ನನ್ನವು. ಐವತ್ತೆರಡು. ಎಷ್ಟೋ ತಿಂಗಳ ರೈಲು ಪ್ರಯಾಣ ಅದರಲ್ಲಿತ್ತು. ಒಂದೇ ಸೇವ್ ಇದ್ದದ್ದರಿಂದ ಅವಳಿಗೆ ಬೇರೆ ಜಾಗ ಮಾಡಿಕೊಡುವ ಹಾಗಿರಲಿಲ್ಲ. ಔಷಧಿ ತರುತ್ತೇನೆಂದು ವರಾಂಡಕ್ಕೆ ಬಂದು ಎಲ್ಲವನ್ನೂ ಅಳಿಸಿದೆ. ಒಳಗೆ ಹೋಗಿ, "ಆಗ ತೋರಿಸಿದ್ದು ಅಂಗಡಿಯವರು ಹಾಕಿಕೊಟ್ಟಿದ್ದ ಮಾದರಿ. ಈಗ ನೋಡು, ಹೊಸದು," ಎಂದು ಸುಳ್ಳು ಹೇಳಿದೆ. ಖಾಲಿ ನಕ್ಷೆ ನೋಡಿ ಅವ್ವ ಕಾಲು ನೋವು ಮರೆತು ಎದ್ದು ಕೂತಳು.

ಅಲ್ಲಿಂದ ಮುಂದೆ ನಮ್ಮ ಮನೆಯ ಲೆಕ್ಕಾಚಾರವೇ ಬದಲಾಯಿತು. ಪಟ್ಟಿ ಬಿಚ್ಚಿದ ಮೇಲೂ ಅವ್ವ ಆಟ ಬಿಡಲಿಲ್ಲ. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಹುಲ್ಲು ತಂದು, ಉಂಡು, ಜಗಲಿಯ ಮೇಲೆ ಕೂತಳೆಂದರೆ ಒಂದು ಹಂತ. ಒಂದೇ. ಗೆದ್ದರೂ ಸೋತರೂ ಮುಂದಿನದು ನಾಳೆ. ಗೆದ್ದ ದಿನ ನನ್ನ ಹೆಂಡತಿಯ ಫೋನಿನಿಂದ ಶಾಲೆಗೆ ಕರೆ ಬರುತ್ತಿತ್ತು. "ಇಪ್ಪತ್ತಾರು!" ಅಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ನನಗೋ ಪಾಠದ ನಡುವೆ ಕುಣಿಯುವಷ್ಟು ಖುಷಿ.

ಡೈರಿಯ ಸಾಲಿನ ವಿಷಯ ಇಲ್ಲಿ ಹೇಳಲೇಬೇಕು. ನಮ್ಮೂರ ಡೈರಿ ಬಾಗಿಲು ತೆಗೆಯುವ ಮೊದಲೇ ಜನ ಕ್ಯಾನ್ ತಂದು ಸಾಲಾಗಿ ಇಟ್ಟು, ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ. ಮನುಷ್ಯ ಇಲ್ಲದಿದ್ದರೂ ಕ್ಯಾನ್ ಇದ್ದರೆ ಅವನು ಸಾಲಿನಲ್ಲಿ ಇದ್ದ ಹಾಗೆ. ಮುಂದಿನವರದು ಹಾಕಿ ಮುಗಿದರೆ ಹಿಂದಿನವರ ಕ್ಯಾನ್ ಒಂದು ಹೆಜ್ಜೆ ಮುಂದೆ. ಇನ್ನೊಬ್ಬರ ಕ್ಯಾನ್ ತೆಗೆದು ತನ್ನದು ಇಟ್ಟವರನ್ನು ಊರು ಬಹಳ ದಿನ ಮರೆಯುವುದಿಲ್ಲ. ಅವ್ವ ಇಂಥದ್ದರಲ್ಲಿ ತುಂಬ ನೇಮದವಳು.

ಇದು ಗೊತ್ತಿದ್ದೂ ನಾನು ಒಂದು ತಪ್ಪು ಮಾಡಿದೆ. ನಲವತ್ತೊಂದನೇ ಹಂತದಲ್ಲಿ ಅವ್ವ ಐದು ದಿನ ಸಿಕ್ಕಿಹಾಕಿಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ. ಭಾನುವಾರ ಅವಳು ಹುಲ್ಲಿಗೆ ಹೋದಾಗ ನಾನೇ ಆಡಿ ಬಾವುಟ ನೆಟ್ಟುಬಿಟ್ಟೆ. ಬಂದು ನೋಡಿದವಳೇ ಮುಖ ಕೆಂಪಗೆ ಮಾಡಿಕೊಂಡಳು.

"ನನ್ ಕ್ಯಾನ್‌ಗೆ ನೀರು ಉಯ್ದ್ಯೇನ್ಲಾ?"

"ಒಂದೇ ಒಂದು ಹಂತ ಕಣವ್ವ..."

"ಒಂದ್ ಲೋಟ ಉಯ್ದ್ರೂ ನೀರೇ. ತೆಗಿ ಅದನ್ನ."

ತೆಗೆಯಲಾಗದು, ತೆಗೆದರೆ ಎಲ್ಲವೂ ಹೋಗುತ್ತದೆ ಎಂದೆ. ಅಳಿಸುವ ಪರದೆ ಯಾವುದು, ತೋರಿಸು ಎಂದಳು. ಎಡಗಡೆಯದು ಹೌದು, ಬಲಗಡೆಯದು ಬೇಡ ಎಂದು ತೋರಿಸಿದೆ, ಹೆದರಿಸಿದ ಹಾಗಾಗುತ್ತದೆ ಎಂದುಕೊಂಡು. ಅವಳು ಎಡಗಡೆಯದನ್ನು ಒತ್ತಿದಳು! ತಾನೇ ನೆಟ್ಟ ನಲವತ್ತು ಬಾವುಟವನ್ನೂ ನಾನು ನೆಟ್ಟ ಒಂದನ್ನೂ ಗುಡಿಸಿ ಹಾಕಿ, ಮಾರನೆಯ ದಿನ ಒಂದನೇ ಹಂತದಿಂದ ಶುರು ಮಾಡಿದಳು. ನಾನು ಎರಡು ದಿನ ಕಂಪನಿಯವರನ್ನು ಬೈದೆ. ಎರಡು ಸೇವ್ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೀಗೆ ಎರಡನೇ ಸಲ ಶುರು ಮಾಡಿ ಅವ್ವ ಐವತ್ತೊಂಬತ್ತಕ್ಕೆ ಮುಟ್ಟಿದಳು. ಅರವತ್ತನೆಯದು ಮಾತ್ರ ಜಗ್ಗಲಿಲ್ಲ. ಎರಡು ಕಡೆಯಿಂದಲೂ ನೀರು, ನಡುವೆ ದೊಡ್ಡ ಕಲ್ಲು, ಏಳು ಮರಿ ಏಳು ಮೂಲೆಯಲ್ಲಿ. ಮೂರು ವಾರ ಸೋತಳು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಆಗ ಬೇಸಿಗೆ. ಚಾರ್ಜಿಗೆ ಹಾಕಿದಾಗ ಯಂತ್ರ ಬಿಸಿಯಾಗುತ್ತಿತ್ತು. ನಮ್ಮಲ್ಲಿ ಡೈರಿ ಲಾರಿ ತಡವಾದರೆ ಹಾಲು ಒಡೆಯದಿರಲೆಂದು ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತುತ್ತಾರೆ. ಅವ್ವ ಯಂತ್ರಕ್ಕೂ ಅದನ್ನೇ ಮಾಡಿದಳು. ನಾನು ಸ್ಕೂಲಿನಿಂದ ಬಂದಾಗ ಅದು ನೀಟಾಗಿ ಹಸಿ ಚೀಲದೊಳಗೆ ಮಲಗಿತ್ತು. ವೈರು ಕಿತ್ತೆ, ಒರೆಸಿದೆ, ಕೂಗಾಡಿದೆ.

"ಬಿಸಿ ಆಗಿತ್ತು ಕಣ್ಲಾ. ಕೆಟ್ಟೋಗ್ದಿರ್ಲಿ ಅಂತ..." ಎಂದಳು. ಅವ್ವ ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಚಾರ್ಜರ್ ಚುಚ್ಚುವ ತೂತು ಸತ್ತಿತ್ತು, ಬ್ಯಾಟರಿಯೂ ಖಾಲಿ. ಬಂಗಾರಪೇಟೆಯ ಎರಡು ಮೊಬೈಲ್ ಅಂಗಡಿಯವರು ಹಳೆಯ ಮಾಲು, ಪಾರ್ಟು ಬರುವುದಿಲ್ಲ ಎಂದು ಕೈ ಚೆಲ್ಲಿದರು. ಹೊಸ ಯಂತ್ರ ಕೊಂಡರೂ ಪ್ರಯೋಜನವಿಲ್ಲ. ಅದರಲ್ಲಿ ಈ ಆಟವಿಲ್ಲ, ಈ ಐವತ್ತೊಂಬತ್ತು ಬಾವುಟ ಅಲ್ಲಿಗೆ ಹೋಗುವುದಿಲ್ಲ. ಅವ್ವನ ವರ್ಷವೆಲ್ಲ ಆ ಡಬ್ಬಿಯೊಳಗೇ ಇತ್ತು. ನನಗೆ ಉರಿದುಹೋಯಿತು. ಕಟ್ಟುಪಾಡು ಹಾಕಿದವರು ನನ್ನೆದುರು ಇದ್ದಿದ್ದರೆ ಏನು ಮಾಡುತ್ತಿದ್ದೆನೋ.

ಅವ್ವ ಮಾತ್ರ ನನ್ನ ಹಾಗೆ ಬಾಯಿ ಬಡಿದುಕೊಳ್ಳುತ್ತ ಕೂರಲಿಲ್ಲ. ಮೂರನೆಯ ದಿನ ನಾನು ಮನೆಗೆ ಬಂದರೆ ಅಂಗಳದ ತುಂಬ ರಂಗೋಲಿ ಪುಡಿಯ ಗೆರೆ. ನೋಡುತ್ತೇನೆ, ಅರವತ್ತನೇ ಹಂತ! ಗೆರೆ ಗೆರೆಯೂ ಸರಿಯಾಗಿತ್ತು. ಮರಿಗಳ ಜಾಗದಲ್ಲಿ ಏಳು ಅವರೆಕಾಳು, ಕಲ್ಲಿಗೆ ಒಂದು ಬೆಲ್ಲದಚ್ಚಿನ ಚೂರು. ಕೋಲಿನ ತುದಿಯಿಂದ ಅವರೆಕಾಳನ್ನು ತಳ್ಳುತ್ತ, ಗೆರೆ ಅಳಿಸುತ್ತ, ಮತ್ತೆ ಎಳೆಯುತ್ತ ಆಡುತ್ತಿದ್ದಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಒಂದೇ ಪರದೆ, ಒಂದೇ ಪರದೆ ಎಂದು ವರ್ಷಗಟ್ಟಲೆ ಹೀಗಳೆದಿದ್ದೆನಲ್ಲ, ಒಂದೇ ಪರದೆಯಾದ್ದರಿಂದಲೇ ಅದು ನಮ್ಮ ಅಂಗಳದಲ್ಲಿ ಹಿಡಿಸಿತ್ತು. ಹಿಂದಕ್ಕೆ ತೆಗೆದುಕೊಳ್ಳಲಾಗದ ಹೆಜ್ಜೆಯಾದ್ದರಿಂದಲೇ ಅವಳಿಗೆ ಒಂದೊಂದೂ ನೆನಪಿತ್ತು. ಮುಚ್ಚಿದ ಅಂಗಡಿಗೂ ಸಾಗದ ಸೇವ್‌ಗೂ ನಾನು ಕ್ಷಮೆ ಕೊಡಲಾರೆ, ಇವತ್ತಿಗೂ ಕೊಟ್ಟಿಲ್ಲ. ಆದರೆ ಉಳಿದದ್ದರ ಬಗ್ಗೆ ನನ್ನ ಬಾಯಿ ಆ ಅಂಗಳದಲ್ಲಿ ಮುಚ್ಚಿಹೋಯಿತು.

ಎಂಟನೆಯ ದಿನ ಅವ್ವ, "ಸಿಕ್ತು ಕಣ್ಲಾ. ದಾರಿ ಸಿಕ್ತು. ಅದನ್ನ ಒಂದ್ ದಪ ಜೀವ ಬರ್ಸು," ಎಂದಳು. ಕಣ್ಣು ಹೊಳೆಯುತ್ತಿತ್ತು.

ಆಗ ನನಗೆ ಚಾಂಪಿಯನ್ ರೀಫ್ಸ್‌ನ ಒಬ್ಬ ಹಿರಿಯರು ನೆನಪಾದರು. ನಮ್ಮ ಶಾಲೆಯ ಹಿಂದಿನ ಸಾಲು ಮನೆಯಲ್ಲಿ ಮಿಕ್ಸಿ, ಫ್ಯಾನು, ಫೋನು ರಿಪೇರಿ ಮಾಡುವವರು. ಅಲ್ಲಿನ ಚಿನ್ನದ ಗಣಿ ನಡೆಯುತ್ತಿದ್ದಾಗ ಅದರ ಲ್ಯಾಂಪ್ ರೂಮಿನಲ್ಲಿ ಕೆಲಸ. ಕೆಳಗಿಳಿಯುವವರ ಟೋಪಿ ದೀಪಗಳನ್ನು ಚಾರ್ಜ್ ಮಾಡಿ ಕೊಡುವುದು, ವಾಪಸ್ ತೆಗೆದುಕೊಳ್ಳುವುದು. ರಜಾದಿನ ಬೆಳಿಗ್ಗೆ ಹೊರಟೆ. ಅವ್ವ, "ನಾನೂ ಬತ್ತೀನಿ," ಎಂದು ಹಾಲು ಹಾಕಿದವಳೇ ಸೀರೆ ಬದಲಿಸಿ ಬಸ್ಸು ಹತ್ತಿದಳು. ಸಂಜೆಯ ಹಾಲು ಕರೆಯುವ ಹೊತ್ತಿಗೆ ವಾಪಸ್ ಬರಲೇಬೇಕು ಎಂದು ಷರತ್ತು.

ಹಿರಿಯರು ಯಂತ್ರದ ಬೆನ್ನು ಬಿಚ್ಚಿ, ಬ್ರಷ್ಷಿನಿಂದ ಹಸಿರು ತುಕ್ಕು ಉಜ್ಜಿ, "ಪಾರ್ಕಲಾಂ, ಪಾರ್ಕಲಾಂ," ಎಂದರು. ಕನ್ನಡದಲ್ಲಿ ಎಷ್ಟು ಮಾತಾಡಿದರೂ ನೋಡೋಣ ಎನ್ನುವುದು ಅವರಿಗೆ ತಮಿಳಿನಲ್ಲೇ ಬರುವುದು. ಬ್ಯಾಟರಿಗೆ ನೇರವಾಗಿ ಎರಡು ವೈರು ಕೊಟ್ಟು ಚಾರ್ಜಿಗೆ ಇಟ್ಟರು. "ಬೋರ್ಡು ತಿಂದೋಗಿದೆ ಸಾರ್. ಇದೊಂದು ಸಲ ಓಡುತ್ತೆ. ಒಂದು ಗಂಟೆನೋ, ಒಂದು ದಿನಾನೋ. ಹೇಳಕ್ಕಾಗಲ್ಲ."

ಚಾರ್ಜ್ ಆಗುವವರೆಗೆ ಸ್ಟೂಲಿನ ಮೇಲೆ ಕೂತು ಕಾಯಬೇಕಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ? ಕಂಪನಿಯ ಕಟ್ಟುಪಾಡುಗಳನ್ನೆಲ್ಲ ಅವರ ಮುಂದೆ ಬಿಚ್ಚಿದೆ. ಅವರು ನಕ್ಕರು.

"ನಮ್ಮ ಲ್ಯಾಂಪ್ ರೂಮೂ ಹಂಗೇ ಸಾರ್. ಒಂದು ನಂಬರ್‌ಗೆ ಒಂದೇ ಲ್ಯಾಂಪು. ಟೋಕನ್ ಕೊಟ್ಟರೆ ನಿಮ್ಮ ಲ್ಯಾಂಪೇ ಸಿಗೋದು, ಬೇರೆಯವರದು ಕೊಡಲ್ಲ. ಎಲ್ಲಾರೂ ಬೈಯೋರು. ಆದರೆ ಶಿಫ್ಟ್ ಮುಗಿದ ಮೇಲೆ ಒಂದು ಲ್ಯಾಂಪು ಬರಲಿಲ್ಲ ಅಂದರೆ ಯಾರು ಇನ್ನೂ ಕೆಳಗಿದಾನೆ ಅಂತ ನಮಗೆ ಕೂಡಲೇ ಗೊತ್ತು."

"ಸರಿ, ಆದರೆ ನೀವು ರೂಮು ಮುಚ್ಚಿಕೊಂಡು ಹೋಗಲಿಲ್ಲವಲ್ಲ," ಎಂದೆ.

"ಮುಚ್ಚಿದರಲ್ಲ ಸಾರ್, ಗಣಿ ಜೊತೆ ಅದನ್ನೂ," ಎಂದು ಅವರು ಮತ್ತೆ ನಕ್ಕರು.

ನನಗೆ ನಗು ಬರಲಿಲ್ಲ. ಇನ್ನೂ ಬಿಸಿಯಾಗಿ, "ಒಂದೇ ಸೇವ್ ಅಂದರೆ ಏನು ಸ್ವಾಮಿ ನ್ಯಾಯ? ಇವಳಿಗೆ ಜಾಗ ಮಾಡಿಕೊಡೋದಕ್ಕೆ ಆಸ್ಪತ್ರೆಯಲ್ಲಿ ನನ್ನ ಐವತ್ತೆರಡು ಬಾವುಟ ಅಳಿಸಬೇಕಾಯ್ತು," ಎಂದುಬಿಟ್ಟೆ.

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವ್ವ ನನ್ನನ್ನೇ ನೋಡುತ್ತಿದ್ದಳು. "ನಿನ್ ಕ್ಯಾನ್ ತೆಗ್ದು ನಂದು ಇಟ್ಟಿದ್ದೇನ್ಲಾ?" ಎಂದಳು. ನಾನು ಚಾರ್ಜಿನ ವೈರು ನೋಡುವ ನೆಪದಲ್ಲಿ ಬಗ್ಗಿದೆ. ಯಂತ್ರ ಹಿಡಿದು ಸ್ಟೇಷನ್ನಿಗೆ ಹೊರಟಾಗ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಮಾರಿಕುಪ್ಪಂನಿಂದ ಬಂದ ರೈಲು ಚಾಂಪಿಯನ್ ಬಿಟ್ಟ ಕೂಡಲೇ ಯಂತ್ರವನ್ನು ಆನ್ ಮಾಡಿದೆ. ಪರದೆ ಒಮ್ಮೆ ಮಿನುಗಿ ಬೆಳಗಿತು. ನಕ್ಷೆ ಬಂತು. ಐವತ್ತೊಂಬತ್ತು ಬಾವುಟವೂ ಇದ್ದವು! ನಾನು ಕೂಗಿದ್ದಕ್ಕೆ ಎದುರು ಸೀಟಿನ ಹೂವಿನ ಬುಟ್ಟಿಯ ಹೆಂಗಸು ಬೆಚ್ಚಿ ನೋಡಿದಳು. ಅವ್ವ ಕಾಲು ಮಡಿಸಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರವತ್ತನೆಯದನ್ನು ತೆರೆದಳು.

ಮೊದಲ ಹೆಜ್ಜೆಗೇ ನಾನು ಕಂಗಾಲಾದೆ. ಮೇಲಕ್ಕೆ ಕೊರೆಯುವುದು ಬಿಟ್ಟು ಕೆಳಕ್ಕೆ ಕೊರೆದಳು. ಎಡಗಡೆಯ ನೀರು ಭೋರೆಂದು ಆ ಗುಂಡಿಗೆ ಇಳಿಯಿತು. ಆಗ ಹೊಳೆಯಿತು, ಹೊಲದಲ್ಲಿ ಕಾಲುವೆ ಒಡೆದು ನೀರು ತಿರುಗಿಸುವ ಹಾಗೆ ಅವಳು ನೀರಿಗೇ ಮೊದಲು ದಾರಿ ತೋರಿಸಿದ್ದಳು. ನಂತರ ಕಲ್ಲಿನ ಕೆಳಗೆ ಬೇಕೆಂದೇ ಕೊರೆದಳು. ಕಲ್ಲು ಕುಸಿದು ಬಲಗಡೆಯ ನೀರಿಗೆ ಅಡ್ಡ ಕೂತಿತು. ಒಂದು ಮರಿ ಮೇಲೆ ಬಂತು. ಎರಡು. ಊರಗಾಂ ದಾಟಿತು. ಹೂವಿನವಳು ಬುಟ್ಟಿ ಪಕ್ಕಕ್ಕಿಟ್ಟು ನಮ್ಮ ಸೀಟಿನ ಮೇಲೆ ಬಗ್ಗಿದ್ದಳು. ಕಿಟಕಿಯ ಬಳಿಯ ಮುದುಕರು ಪೇಪರು ಮಡಿಸಿದರು. ಐದು. ಆರು. ಪರದೆ ಮಂಕಾಯಿತು, ಮತ್ತೆ ಬೆಳಗಿತು. ಏಳನೆಯ ಮರಿಯ ಹಿಂದೆ ನೀರು ಒಂದೇ ಚೌಕದಷ್ಟು ದೂರದಲ್ಲಿತ್ತು.

"ಪೋ, ಪೋ, ಮೇಲೆ ಪೋ!" ಎಂದು ಹೂವಿನವಳು ಕಿರುಚಿದಳು.

ಬಾವುಟ ಎದ್ದಿತು. ಅರವತ್ತು! ನಾನು ಎದ್ದು ನಿಂತು ಮೇಲಿನ ಕಂಬಿಗೆ ತಲೆ ಹೊಡೆಸಿಕೊಂಡೆ. ಮುದುಕರು ಚಪ್ಪಾಳೆ ತಟ್ಟಿದರು. ಹೂವಿನವಳು ಒಂದು ಮೊಳ ಕನಕಾಂಬರ ಕಿತ್ತು ಅವ್ವನ ಮುಡಿಗೆ ಸಿಕ್ಕಿಸಿದಳು. ಮೂರು ಭಾಷೆಯಲ್ಲಿ ಮೂರು ಥರ ಹೊಗಳಿಕೆ. ಅವ್ವನ ಮುಖ ಮಾತ್ರ ಪರದೆಯ ಮೇಲೇ ಇತ್ತು. ಅಲ್ಲಿ ಸಣ್ಣ ಸಂಗೀತ ಮುಗಿದು ಒಂದು ಪ್ರಶ್ನೆ ಬಂದಿತ್ತು: ಎಲ್ಲವನ್ನೂ ಅಳಿಸಿ ಮೊದಲಿನಿಂದ ಆಡಬೇಕೆ? ಎಡಗಡೆ ಹೌದು, ಬಲಗಡೆ ಬೇಡ. ಅವಳಿಗೆ ಅಕ್ಷರ ಬರುವುದಿಲ್ಲ, ಆದರೆ ಆ ಪರದೆ ಚೆನ್ನಾಗಿ ಗೊತ್ತು.

"ತಡಿಯವ್ವ, ಒತ್ತಬೇಡ, ಒಂದು ಫೋಟೋ ತಗೊಳ್ತೀನಿ," ಎಂದು ಜೇಬಿಗೆ ಕೈ ಹಾಕಿದೆ.

ಅವಳು ಎಡಗಡೆಯದನ್ನು ಒತ್ತಿದಳು. ಅರವತ್ತು ಬಾವುಟವೂ ಒಂದೇ ಸಲ ಮಾಯ. ಹೂವಿನವಳು "ಅಯ್ಯೋ!" ಎಂದಳು. ಅವ್ವ ಖಾಲಿ ನಕ್ಷೆಯ ಯಂತ್ರವನ್ನು ನನ್ನ ಮಡಿಲಿಗೆ ಇಟ್ಟಳು.

"ನಂದು ಆಕಾಯ್ತು ಕಣ್ಲಾ. ನಿನ್ ಕ್ಯಾನ್ ಮುಂದಕ್ ತಕ್ಕೊ."

ಒಂದನೇ ಹಂತ ತೆರೆದೆ. ನೂರು ಸಲ ಆಡಿದ ಹಂತ. ಕಣ್ಣು ತುಂಬಿ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಮೂರನೇ ಹೆಜ್ಜೆಗೇ ಕಲ್ಲು ಕುಸಿದು ಮರಿ ಒಳಗೇ ಉಳಿಯಿತು. ಮುದುಕರು ಜೋರಾಗಿ ನಕ್ಕರು, ನಾನೂ ನಕ್ಕೆ. ಪರದೆ ಮತ್ತೆ ಮಂಕಾಗಿ ಮತ್ತೆ ಬೆಳಗಿತು. ಪಕ್ಕಕ್ಕೆ ನೋಡಿದೆ. ಎಲ್ಲಿ ಕೊರೆಯಬೇಕೆಂದು ಅವ್ವನಿಗೆ ಗೊತ್ತಿತ್ತು. ಬಾಯಿ ಬಿಗಿದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, ಬಂಗಾರಪೇಟೆ ಬರುವವರೆಗೂ ಹಾಗೇ ಕೂತಿದ್ದಳು.